ತೋರುಮನೆಗೊಂದು ಬಾಗಿಲು

ಎರಡನೇ ಶ್ರಾವಣದ ಮೂವತ್ತೆರಡನೇ ದಿನ, ಇಸವಿ 2176
ತೋರುಮನೆ, ಸಪ್ತಸ್ವರ್ಗ ಮಹಾದ್ವಾರ ಬಡಾವಣೆ, ಹುಬ್ಬಳ್ಳಿಯಿಂದ ಬರೀ ಹದಿನೈದೇ ನಿಮಿಷ

ಶ್ರೀಮದಖಂಡ ಭೂಮಂಡಲಾಂತರ್ಗತ ಹುಬ್ಬಳ್ಳಿ ಮಹಾಪಟ್ಟಣಾಲಂಕಾರ, ಸಮೀಪದೃಷ್ಟಿ ದೂರದೃಷ್ಟಿ ಉಭಯದೋಷ ನಿವಾರಕ, ಕನ್ನಡಕ ಚಕ್ರವರ್ತಿ, ಹನ್ನೆರಡನೇ ಮಹಡಿಯ ಸ್ವಪ್ನಸಿಂಹಾಸನಾಧೀಶ್ವರ, ಕರಪತ್ರಪ್ರಿಯ, ಹೂಡಿಕೆವೀರ, ಹಂಚಿನಮನಿ ಕುಲತಿಲಕ, ನಮ್ಮ ಮುತ್ತಜ್ಜನ ಮುತ್ತಜ್ಜರಾದ ಶ್ರೀ ಶ್ರೀ ಶ್ರೀ ಈರಣ್ಣ ಗುರುಪಾದಪ್ಪ ಹಂಚಿನಮನಿಯವರ ದಿವ್ಯ ಸನ್ನಿಧಾನಕ್ಕೆ, ತಮ್ಮ ವಂಶದ ಕಟ್ಟಕಡೆಯ ಕುಡಿಯಾದ ಪೂರ್ವಾಭಿಮುಖಿ ಎಂಬ ಹತ್ತೊಂಬತ್ತು ವರ್ಷದ ಹುಡುಗಿಯ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದು ಬರೆದೆನಾದರೂ ನಮ್ಮ ಮನೆಯಲ್ಲಿ ಪೂರ್ತಿ ಉದ್ದಕ್ಕೆ ಮಲಗುವ ರೂಢಿಯೇ ಇಲ್ಲ. ಮೊಣಕಾಲು ಮಡಚಿದ ಸಾಷ್ಟಾಂಗವೆಂದು ತಿಳಿಯಬೇಕು. ಕಾರಣ ಮುಂದೆ ಬರುತ್ತದೆ.

ಮೊದಲು ಕ್ಷಮೆ. ಈ ಪತ್ರದ ಕೆಲವು ಮಾತು ತಮಗೆ ವಿಚಿತ್ರವೆನಿಸಬಹುದು. ತಾರೀಖಂತೂ ಆಗಲೇ ಅನಿಸಿರುತ್ತದೆ. ನಮ್ಮ ಕಾಲದಲ್ಲಿ ಆಷಾಢ ಮಾಸವಿಲ್ಲ. ಆಷಾಢದಲ್ಲಿ ಜನ ಟೋಕನ್ ಕೊಡುವುದಿಲ್ಲ, ಕರಾರಿಗೆ ಸಹಿ ಹಾಕುವುದಿಲ್ಲ, ಸುಮ್ಮನೆ ಮನೆಯಲ್ಲಿ ಕೂತು ಯೋಚನೆ ಮಾಡುತ್ತಾರೆ, ಹಾಗೆ ಯೋಚನೆ ಮಾಡಿದವರಲ್ಲಿ ಅರ್ಧ ಜನ ಮರಳಿ ಬರುವುದೇ ಇಲ್ಲ ಎಂದು ಕಟ್ಟಡ ಕಟ್ಟುವವರ ಒಕ್ಕೂಟವು ನೂರು ವರ್ಷದ ಹಿಂದೆ ಅರ್ಜಿ ಕೊಟ್ಟು ಆ ತಿಂಗಳನ್ನೇ ರದ್ದು ಮಾಡಿಸಿತು. ಈಗ ನಮಗೆ ಎರಡೆರಡು ಶ್ರಾವಣ, ದಿನಕ್ಕೆ ಮೂರು ಮುಹೂರ್ತ. ಯೋಚನೆಗೆ ಪ್ರತ್ಯೇಕ ತಿಂಗಳಿಲ್ಲ.

ಈ ಕಾಗದ ತಮಗೆ ಮುಟ್ಟುವುದು ಹಿಂಟಪಾಲಿನ ಮೂಲಕ. ಹಿಂದಿನವರಿಗೆ ಕಾಗದ ಕಳಿಸುವ ವ್ಯವಸ್ಥೆಗೆ ನಾವು ಹಾಗೆ ಹೇಳುತ್ತೇವೆ. ಹತ್ತೊಂಬತ್ತು ತುಂಬಿದವರಿಗೆಲ್ಲ ಜೀವಮಾನದಲ್ಲಿ ಒಂದೇ ಒಂದು ಕಾಗದದ ಹಕ್ಕು. ಅದು ನಮ್ಮಲ್ಲಿ ಇಲ್ಲದ ತಿಂಗಳಿಗೆ ಮಾತ್ರ ಹೋಗುತ್ತದೆ, ಯಾಕೆಂದರೆ ಅಲ್ಲಿ ಮಾತ್ರ ಜಾಗ ಖಾಲಿ ಇದೆ ಎಂದು ಟಪಾಲಿನವರು ವಿವರಿಸಿದರು. ನನಗೆ ಅರ್ಥವಾಗಲಿಲ್ಲ, ಅವರಿಗೂ ಆಗಿದ್ದಂತೆ ಕಾಣಲಿಲ್ಲ. ಹೆಚ್ಚಿನವರು ಈ ಹಕ್ಕನ್ನು ತಮ್ಮ ಅಜ್ಜಿಯ ಮದುವೆ ತಪ್ಪಿಸಲು ಬಳಸುತ್ತಾರೆ, ಆಮೇಲೆ ಕಾಣೆಯಾಗುತ್ತಾರೆ. ನಾನು ಒಂದು ಬಡಾವಣೆಯ ವ್ಯವಹಾರ ತಪ್ಪಿಸಲು ಬಳಸುತ್ತಿದ್ದೇನೆ.

ಅಂದರೆ ತಾವು ಈಗ ಇರುವುದು ಆಷಾಢದಲ್ಲಿ. ಹೋದ ತಿಂಗಳು ಏಜೆಂಟ್ ಚನ್ನಬಸಣ್ಣ ತಮ್ಮನ್ನೂ ತಮ್ಮ ಮನೆಯವರಾದ ದ್ರಾಕ್ಷಾಯಣಿ ಅಜ್ಜಿಯನ್ನೂ ಎಸಿ ಕಾರಿನಲ್ಲಿ ಕೂಡಿಸಿಕೊಂಡು ಬಂದು ಈ ಬಯಲನ್ನು ತೋರಿಸಿದ್ದಾರೆ. ಕಮಾನು ನೋಡಿದ್ದೀರಿ, ಬಣ್ಣದ ಬಾವುಟ ನೋಡಿದ್ದೀರಿ. ಇಲ್ಲಿ ನೀರು ಎಲ್ಲಿಂದ ಬರುತ್ತದೆ ಎಂದು ಅಜ್ಜಿ ಕೇಳಿದ್ದಕ್ಕೆ ಚನ್ನಬಸಣ್ಣ, “ಅಕ್ಕಾರ, ಮೊದಲ ಊಟಾ ಮಾಡೂಣು ಬರ್ರಿ, ನೀರಿಂದು ಆಮ್ಯಾಲ ನೋಡೂಣು” ಎಂದಿದ್ದಾರೆ. ಆ ಊಟದಲ್ಲಿ ಎರಡು ಬಗೆಯ ಸಿಹಿ ಇತ್ತೆಂದು ನಮ್ಮ ಮನೆಯಲ್ಲಿ ಇಂದಿಗೂ ಹೇಳುತ್ತಾರೆ. ನೀರಿನದು ಇನ್ನೂ ನೋಡುತ್ತಿದ್ದೇವೆ.

ಶ್ರಾವಣದ ಮೊದಲ ಶುಕ್ರವಾರ ಟೋಕನ್ ಕೊಡುವುದೆಂದು ಮಾತಾಗಿದೆ. ಇದು ಯಾರೋ ಗೆಳೆಯರ ಕುಚೇಷ್ಟೆ ಎಂದು ತಾವು ಮೀಸೆಯಲ್ಲೇ ನಗಬಹುದು. ಹಾಗಿದ್ದರೆ ಅಂಗಿಯ ಒಳಜೇಬಿಗೆ ಕೈ ಹಾಕಿ. ಅಲ್ಲೊಂದು ಚೀಟಿ ಇದೆ, ಕಣ್ಣಿನ ನಂಬರು ಬರೆದುಕೊಡುವ ತಮ್ಮ ಅಂಗಡಿಯದೇ ಚೀಟಿ. ಅದರ ಹಿಂದೆ ತಮ್ಮ ದುಂಡನೆಯ ಅಕ್ಷರದಲ್ಲಿ ಹೀಗಿದೆ: “ದೀಪಾವಳಿ ಒಳಗ ಪಾಯಾ ಬೀಳದಿದ್ರ ಬಿಟ್ಟುಬಿಡೋದು.” ಇದನ್ನು ತಾವು ಅಜ್ಜಿಗೂ ತೋರಿಸಿಲ್ಲ. ಎಷ್ಟು ಚೆಂದದ ಮಾತು ನೋಡಿ. ಒಳಗೆ ಕಾಲಿಡುವ ಮುಂಚೆಯೇ ಹೊರಗೆ ಬರುವ ದಿನವನ್ನು ಗೊತ್ತು ಮಾಡಿಕೊಂಡ ಮನುಷ್ಯ ನಮ್ಮ ವಂಶದಲ್ಲಿ ತಾವೊಬ್ಬರೇ. ಆದರೆ ಅಜ್ಜಾ, ಉಳಿದದ್ದನ್ನೆಲ್ಲ ಪೆನ್ನಿನಲ್ಲಿ ಬರೆದು, ದೀಪಾವಳಿ ಎಂಬ ಆ ಒಂದು ಪದವನ್ನು ಮಾತ್ರ ಪೆನ್ಸಿಲಿನಲ್ಲಿ ಯಾಕೆ ಬರೆದಿರಿ?

ಮುಂದೆ ಏನಾಯಿತೆಂದು ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುತ್ತೇನೆ. ದೀಪಾವಳಿ ಬಂತು, ಪಾಯ ಬೀಳಲಿಲ್ಲ. ಅಷ್ಟರಲ್ಲಿ ತಾವು ಯಾವುದೋ ಮದುವೆಯ ಊಟದ ಪಂಕ್ತಿಯಲ್ಲಿ ಕೂತು ಬೀಗರಿಗೆಲ್ಲ ಹನ್ನೆರಡನೇ ಮಹಡಿ, ಪೂರ್ವಕ್ಕೆ ಬಾಲ್ಕನಿ ಎಂದು ಹೇಳಿಬಿಟ್ಟಿದ್ದಿರಿ. ಬಿಟ್ಟೆನೆಂದರೆ ಅವರಿಗೆ ಮುಖ ತೋರಿಸುವುದು ಹೇಗೆ? ರಬ್ಬರು ತೆಗೆದುಕೊಂಡು ದೀಪಾವಳಿ ಅಳಿಸಿ ಯುಗಾದಿ ಎಂದು ಬರೆದಿರಿ. ಯುಗಾದಿಯ ಹೊತ್ತಿಗೆ ಗೃಹಪ್ರವೇಶದ ಆಮಂತ್ರಣ ಪತ್ರಿಕೆ ಅಚ್ಚಾಗಿತ್ತು, ಮನೆಯೊಂದು ಬಿಟ್ಟು ಎಲ್ಲವೂ ತಯಾರಿತ್ತು. ಮತ್ತೆ ರಬ್ಬರು. ಐದನೇ ಸಲ ಗಡುವಿನ ಮುದ್ದತ್ತು ಬೆಳೆಸುವಾಗ ಅಂಗಡಿಯ ಮೇಲಿನ ಸ್ವಂತ ಮನೆಯನ್ನು ಮಾರಿ ಅದನ್ನೂ ಇದಕ್ಕೇ ಹಾಕಿದಿರಿ. ಮನೆ ಕೈಗೆ ಬರುವ ತನಕ ಇರಲಿ ಎಂದು ಬಿಲ್ಡರ್ ಸಾಹೇಬರು ತಮಗೆ ತೋರುಮನೆಯಲ್ಲಿ ಇರಲು ಅಪ್ಪಣೆ ಕೊಟ್ಟರು. ಅಂದು ಬಂದವರು, ಇಂದಿಗೂ ಇದ್ದೇವೆ.

ತೋರುಮನೆ ಎಂದರೆ ತಾವು ಮಾಡೆಲ್ ಫ್ಲಾಟ್ ಎನ್ನುವುದು. ಈ ಬಡಾವಣೆಯಲ್ಲಿ ಕಮಾನಿನ ನಂತರ ಕಟ್ಟಿದ್ದು ಇದೊಂದನ್ನೇ. ನೋಡಲು ಬಹಳ ವಿಶಾಲ. ವಿಶಾಲ ಕಾಣಲೆಂದು ಮಂಚಗಳನ್ನೆಲ್ಲ ಒಂದೂವರೆ ಅಡಿ ಗಿಡ್ಡ ಮಾಡಿಸಿದ್ದಾರೆ. ಆರು ತಲೆಮಾರಿನಿಂದ ನಮ್ಮ ಮನೆತನದವರೆಲ್ಲ ಮೊಣಕಾಲು ಮಡಚಿಯೇ ಮಲಗುತ್ತೇವೆ, ಸತ್ತ ಮೇಲೆ ಒಮ್ಮೆ ಮಾತ್ರ ನೆಟ್ಟಗಾಗುತ್ತೇವೆ. ನಲ್ಲಿಗಳು ಹೊಳೆಯುತ್ತವೆ, ಅವಕ್ಕೆ ಪೈಪಿಲ್ಲ. ಕಪಾಟಿನ ಪುಸ್ತಕಗಳಿಗೆ ಬೆನ್ನು ಮಾತ್ರ ಇದೆ, ಹೊಟ್ಟೆ ಇಲ್ಲ. ಊಟದ ಮೇಜಿನ ಮೇಲೆ ಸೇಬುಹಣ್ಣು ಇದೆ, ತಮ್ಮ ಕಾಲದ್ದೇ ಪ್ಲಾಸ್ಟಿಕ್ಕು. ಎಲ್ಲಕ್ಕಿಂತ ಮುಖ್ಯ, ಈ ಮನೆಯಲ್ಲಿ ಎಲ್ಲೂ ಬಾಗಿಲಿಲ್ಲ. ಬಾಗಿಲಿದ್ದರೆ ಕೋಣೆ ಚಿಕ್ಕದು ಕಾಣುತ್ತದೆಂದು ಚೌಕಟ್ಟಷ್ಟೇ ಇಟ್ಟಿದ್ದಾರೆ. ತಲೆಬಾಗಿಲಿಗೂ ಇಲ್ಲ, ಮಲಗುವ ಕೋಣೆಗೂ ಇಲ್ಲ, ಬಚ್ಚಲಿಗೂ ಇಲ್ಲ. ಬಚ್ಚಲಿಗೆ ನಾವೇ ಒಂದು ಹಳೇ ಚಾದರ ಕಟ್ಟಿಕೊಂಡಿದ್ದೇವೆ, ಗಿರಾಕಿಗಳು ಬರುವ ಮುಂಚೆ ಬಿಚ್ಚಿ ಮಡಚಿಡಬೇಕು. ಬಾಗಿಲಿಲ್ಲದ ಮನೆಯಲ್ಲಿ ಇಷ್ಟು ಭದ್ರವಾಗಿ ಸಿಕ್ಕಿಬಿದ್ದವರು ಪ್ರಪಂಚದಲ್ಲಿ ನಾವೇ ಮೊದಲಿಗರಿರಬೇಕು.

ಬೆಳಿಗ್ಗೆ ಹತ್ತರಿಂದ ಸಂಜೆ ಆರರ ತನಕ ಗಿರಾಕಿಗಳ ವೇಳೆ. ಆ ಹೊತ್ತಿನಲ್ಲಿ ನಾವು ಸುಖೀ ಕುಟುಂಬವಾಗಿರಬೇಕೆಂದು ಕರಾರಿನಲ್ಲಿದೆ. ನಾನು ಸೋಫಾದ ತುದಿಯಲ್ಲಿ ಕೂತು ಬೆನ್ನು ಮಾತ್ರ ಇರುವ ಪುಸ್ತಕ ಓದುತ್ತೇನೆ. ಅಜ್ಜಿ ವಿಶಾಲವ್ವ ಅಡುಗೆಮನೆಯಲ್ಲಿ ಹೊತ್ತದ ಒಲೆಯ ಮುಂದೆ ನಿಂತು ಖಾಲಿ ಪಾತ್ರೆಯಲ್ಲಿ ಸೌಟು ಆಡಿಸುತ್ತಾಳೆ. ನಮ್ಮ ನಿಜವಾದ ಅಡುಗೆ ಆರರ ಮೇಲೆ, ಹಿಂದಿನ ಬಯಲಿನಲ್ಲಿ ಮೂರು ಕಲ್ಲಿಟ್ಟು. ನಮ್ಮ ಹೆಸರುಗಳೂ ಕರಪತ್ರದಿಂದಲೇ ಬಂದವು: ಅಜ್ಜಿ ವಿಶಾಲ, ನಾನು ಪೂರ್ವಕ್ಕೆ ಮುಖ. ಮನೆಯಲ್ಲಿ ಪೂರ್ವಿ ಎನ್ನುತ್ತಾರೆ. ಸಂಬಂಧಗಳೂ ಹೀಗೇ ಕುದುರುತ್ತವೆ. ನನ್ನ ಅಜ್ಜ ಇಲ್ಲಿಗೆ ಅಡುಗೆಮನೆ ನೋಡಲು ಬಂದ ಗಿರಾಕಿಯಂತೆ. ಸೌಟು ಆಡಿಸುತ್ತಿದ್ದ ಹುಡುಗಿಯನ್ನು ನೋಡಿ, ಇದೂ ಸೇರಿ ಎಷ್ಟು ಎಂದು ಕೇಳಿದನಂತೆ. ಗುರುವಾರಗಳಂದು ಊರಿನ ಶಾಲೆಯವರು ಮಕ್ಕಳನ್ನು ಸಾಲಾಗಿ ಕರೆತರುತ್ತಾರೆ. ಹೊರಗಿನ ಜಗತ್ತಿನಲ್ಲಿ ಮೂರನೇ ಇಯತ್ತೆಗೇ ಬಿಡುಪಾಠ ಎಂಬ ವಿಷಯವಿದೆ: ಯಾವುದನ್ನು ಯಾವಾಗ ಬಿಟ್ಟು ಎದ್ದುಬರಬೇಕು ಎಂಬುದರ ಪಾಠ. ಅದರ ಕೊನೆಯ ಅಧ್ಯಾಯ ನಾವು. ಮಾಸ್ತರು ನಮ್ಮನ್ನು ಕೋಲಿನಿಂದ ತೋರಿಸುತ್ತಾರೆ. ಮಕ್ಕಳು ಬರೆದುಕೊಳ್ಳುತ್ತಾರೆ.

ಇಂಥ ಬದುಕಿನಲ್ಲಿ ನನಗೆ ಕುಚೇಷ್ಟೆಯೊಂದೇ ಗಾಳಿ. ಅಜ್ಜಿಯ ಸೆರಗಿಗೆ ‘ಬೆಲೆಯಲ್ಲಿ ಸೇರಿಲ್ಲ’ ಎಂಬ ಚೀಟಿ ಅಂಟಿಸಿದ್ದು ನಾನೇ. ಆ ಸೇಬು ಇಂದೇ ಬಂದದ್ದು, ತಿನ್ನಿ ಎಂದು ದಾವಣಗೆರೆಯ ಗಿರಾಕಿಯೊಬ್ಬರಿಗೆ ಕೊಟ್ಟದ್ದೂ ನಾನೇ; ಅವರ ಹಲ್ಲಿನ ಗುರುತನ್ನು ಗೋಡೆಯ ಕಡೆಗೆ ತಿರುಗಿಸಿ ಇಟ್ಟಿದ್ದೇನೆ. ಇದಕ್ಕೆಲ್ಲ ಬಸಲಿಂಗಣ್ಣ ನನ್ನನ್ನು ಬೈದಂತೆ ನಟಿಸುತ್ತಾನೆ, ಆಮೇಲೆ ಕ್ಯಾಬಿನ್ನಿಗೆ ಹೋಗಿ ಬಾಗಿಲು ಹಾಕಿಕೊಂಡು ನಗುತ್ತಾನೆ.

ಬಸಲಿಂಗಣ್ಣ ಎಂದರೆ ತಮ್ಮ ಚನ್ನಬಸಣ್ಣನ ಆರನೇ ತಲೆಮಾರು. ಕಮಾನಿನ ಕೆಳಗೆ ಒಂದು ತಗಡಿನ ಕ್ಯಾಬಿನ್ನಿದೆ, ಅದೇ ಅವನ ಆಫೀಸು, ಅದೇ ಮನೆ. ಇಡೀ ಬಡಾವಣೆಯಲ್ಲಿ ಬಾಗಿಲು ಇರುವುದು ಅದೊಂದಕ್ಕೇ. ಅವನನ್ನು ನಾನು ಬಹಳ ದಿನ ಕಳ್ಳನೆಂದೇ ತಿಳಿದಿದ್ದೆ. ಆಮೇಲೆ ಗೊತ್ತಾಯಿತು, ಕಮೀಷನ್ ಕೊಡುವುದು ಮನೆ ಕೈಗೆ ಬಂದ ದಿನ ಎಂದು ಚನ್ನಬಸಣ್ಣನ ಕರಾರಿನಲ್ಲಿ ಬರೆದಿದೆ. ಅಂದಿನಿಂದ ಅವರ ಮನೆತನವೂ ನಮ್ಮ ಮನೆಯನ್ನೇ ಕಾಯುತ್ತಿದೆ. ಸರದಿಯಲ್ಲಿ ನಮ್ಮದು ಒಂದನೇ ನಂಬರು ಎಂದು ಅವನು ಅಜ್ಜಿಗೆ ಹುರುಪು ತುಂಬುತ್ತಿರುತ್ತಾನೆ. ಎರಡನೇ ನಂಬರಿನವರು ನೂರಾ ನಲವತ್ತು ವರ್ಷದ ಹಿಂದೆಯೇ ಬಿಟ್ಟು ಹೋದರು ಎಂಬುದನ್ನು ಹೇಳುವುದಿಲ್ಲ.

ಹನ್ನೊಂದು ತಿಂಗಳಿಗೊಮ್ಮೆ ಮುದ್ದತ್ತಿನ ಹಬ್ಬ. ಬೆಳ್ಳಿಯ ಗುದ್ದಲಿಗೆ ಕುಂಕುಮ ಹಚ್ಚಿ ಭೂಮಿಪೂಜೆ ಮಾಡುತ್ತೇವೆ, ಒಂದು ಕುಳಿ ತೋಡುತ್ತೇವೆ, ಫೋಟೋ ಆದ ಮೇಲೆ ಮುಚ್ಚುತ್ತೇವೆ. ಆಮೇಲೆ ಮನೆಯಲ್ಲಿ ಹತ್ತೊಂಬತ್ತು ತುಂಬಿದವರಲ್ಲಿ ಎಲ್ಲರಿಗಿಂತ ಕಿರಿಯರು ಕರಾರಿಗೆ ಸಹಿ ಹಾಕಬೇಕು. ಸಹಿಯ ಮುಂಚೆ ತಮ್ಮ ಚೀಟಿಯನ್ನು ಬೆಳ್ಳಿಯ ತಟ್ಟೆಯಲ್ಲಿಟ್ಟು ಆರತಿ ಮಾಡಿ, ಹಳೆಯ ಹಬ್ಬ ಅಳಿಸಿ ಹೊಸ ಹಬ್ಬ ಬರೆಯುತ್ತೇವೆ. ನೂರ ಅರವತ್ತಮೂರು ಸಲ ಅಳಿಸಿದ ಆ ಜಾಗದಲ್ಲಿ ಕಾಗದ ಉಳ್ಳಾಗಡ್ಡಿಯ ಸಿಪ್ಪೆಯಷ್ಟು ತೆಳ್ಳಗಾಗಿದೆ. ಬೆಳಕಿಗೆ ಹಿಡಿದರೆ ಆಚೆ ನಿಂತವರ ಮುಖ ಕಾಣುತ್ತದೆ. ಸುತ್ತಲೂ ತಮ್ಮ ಪೆನ್ನಿನ ಅಕ್ಷರ ಮಾತ್ರ ನಿನ್ನೆ ಬರೆದಂತಿದೆ: ಬಿಟ್ಟುಬಿಡೋದು, ಬಿಟ್ಟುಬಿಡೋದು.

ಬಿಡುವ ಗಳಿಗೆ ಬರಲಿಲ್ಲವೆಂದಲ್ಲ. ತಮ್ಮ ಮೊಮ್ಮಗ ಒಮ್ಮೆ ಕಡತ ತೆಗೆಸಿ ನೋಡಿದರೆ ಅದರಲ್ಲಿದ್ದ ನಕ್ಷೆ ಈ ಬಯಲಿನದಲ್ಲ, ಇನ್ನೊಂದು ಊರಿನ ಕೆರೆಯದು. ಗಂಟುಮೂಟೆ ಕಟ್ಟಿಕೊಂಡು ಕಮಾನಿನ ತನಕ ಹೋದ. ಅಲ್ಲಿ ನಿಂತು, ಇಷ್ಟು ವರ್ಷ ಕಾದಿದ್ದೇವಲ್ಲ ಎಂದ. ತಿರುಗಿ ಬಂದ. ಆಗ ಆದದ್ದು ಬರೀ ನಲವತ್ತು ವರ್ಷ. ಈಗ ನಾವು ಅದೇ ಮಾತನ್ನು ನೂರೈವತ್ತು ವರ್ಷದ ಗತ್ತಿನಿಂದ ಹೇಳುತ್ತೇವೆ. ಕಾದ ಕಾಲವೇ ನಮ್ಮ ಆಸ್ತಿ. ಬಿಟ್ಟರೆ ಅದೊಂದೇ ಕಳೆಯುವುದು, ಯಾಕೆಂದರೆ ಬೇರೆ ಏನೂ ನಮ್ಮ ಹತ್ತಿರ ಇಲ್ಲ. ನಮ್ಮ ಮನೆತನದಲ್ಲಿ ಬಿಟ್ಟು ಹೋದವನು ಒಬ್ಬನೇ, ನನ್ನ ಅಪ್ಪ. ಅವ್ವ ತೀರಿದ ವರ್ಷ ಗಿರಾಕಿಗಳ ಬಸ್ಸು ಹತ್ತಿದ. ಹೋಗುವಾಗ ಕರಾರಿಗೆ ಸಹಿ ಹಾಕಿಯೇ ಹೋದ. ಬಿಟ್ಟದ್ದು ನಮ್ಮನ್ನು.

ನಾಳೆ ಹಬ್ಬ. ಈಗ ಮನೆಯಲ್ಲಿರುವುದು ಅಜ್ಜಿ ಮತ್ತು ನಾನು. ನನಗೆ ಹತ್ತೊಂಬತ್ತು ತುಂಬಿದೆ, ಪೆನ್ನು ನನ್ನ ಕೈಗೆ ಬರುತ್ತದೆ. ಸಹಿ ಹಾಕಿದರೆ ಇನ್ನು ಹನ್ನೊಂದು ತಿಂಗಳು, ಅದರ ಮೇಲೆ ಹನ್ನೊಂದು ತಿಂಗಳು, ಆಮೇಲೆ ನನ್ನ ಮಗುವಿನ ಕೈಗೆ ಪೆನ್ನು. ಹಾಕದಿದ್ದರೆ ಆರು ತಲೆಮಾರಿನ ಸರದಿ ಸುಟ್ಟು ಹೋಗುತ್ತದೆ, ಸಂಜೆಯೊಳಗೆ ಮನೆ ಖಾಲಿ ಮಾಡಬೇಕು. ಹೋಗಲು ಜಾಗವಿದೆ. ಹೋದ ವಾರ ಗುಟ್ಟಾಗಿ ಅಣ್ಣಿಗೇರಿಗೆ ಹೋಗಿ ಎರಡು ಕೋಣೆಯ ಬಾಡಿಗೆ ಮನೆಯೊಂದನ್ನು ನೋಡಿ ಬಂದೆ. ಕೊಡಪಾನದಲ್ಲಿ ನೀರಿತ್ತು. ಮುಂದೆ ಬೇವಿನ ಕಟ್ಟಿಗೆಯ ಬಾಗಿಲಿತ್ತು, ಮೇಲೊಂದು ಚಿಲಕ, ಕೆಳಗೊಂದು ಚಿಲಕ. ಮನೆಯ ಒಡತಿ ಹಿಂದೆ ಮುಂದೆ ನೋಡದೆ ಕೀಲಿಕೈ ಕೊಟ್ಟಳು. ನಮ್ಮ ವಂಶದಲ್ಲಿ ನೂರೈವತ್ತು ವರ್ಷದಿಂದ ಯಾರ ಹತ್ತಿರವೂ ಕೀಲಿಕೈ ಇರಲಿಲ್ಲ. ಅದನ್ನು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದೇನೆ. ಎದೆಗೆ ತಣ್ಣಗೆ ತಾಗುತ್ತದೆ.

ಅಜ್ಜಿಗೆ ತೋರಿಸಿದೆ. ಅವಳು ಹಿಂದೆ ಮುಂದೆ ತಿರುಗಿಸಿ, ಇದು ಏನು ಮಾಡ್ತದ ಎಂದು ಕೇಳಿದಳು. ಹೇಳಿದೆ. “ನನಗ ಹನ್ನೆರಡನೇ ಮಾಳಿಗಿ ಬ್ಯಾಡವಾ. ಒಂದ ಬಾಗ್ಲಾ ಸಾಕು. ಹಾಕ್ಕೊಂಡು ಒಳಗ ಸುಮ್ನ ಕುಂಡ್ರಬೇಕು, ಯಾರೂ ನೋಡಬಾರದು” ಎಂದಳು. ಎಪ್ಪತ್ತೆಂಟು ವರ್ಷ ಗಿರಾಕಿಗಳ ಮುಂದೆ ಸೌಟು ಆಡಿಸಿದವಳು ಅವಳು.

ಬಸಲಿಂಗಣ್ಣನಿಗೂ ಹೇಳಿದೆ, ಅವನಿಂದ ಮುಚ್ಚಿಡುವುದು ಸರಿಯಲ್ಲ ಎನಿಸಿತು. ಅವನು ಜಗಳ ತೆಗೆಯಲಿಲ್ಲ. “ಹೋಗು ತಂಗಿ, ನಾ ತಡ್ಯಾಂಗಿಲ್ಲ. ಖರೆ ನೀ ಹೋದ್ರ ನಾನೂ ಹೋಗಬೇಕಾಕ್ಕೈತಿ. ಎಲ್ಲಿಗಿ ಅಂತ ನೀನ ಹೇಳು” ಎಂದ. ಅವನು ತನ್ನ ಕ್ಯಾಬಿನ್ನಿಗೆ ಹೋಗಿ ಬಾಗಿಲು ಹಾಕಿಕೊಂಡ. ಈ ಸಲ ನಗು ಕೇಳಲಿಲ್ಲ.

ಆದ್ದರಿಂದ ಹೇ ಹೂಡಿಕೆವೀರ, ಈ ಅಲ್ಪಳ ಬಿನ್ನಹ. ತಮಗೆ ಇನ್ನೂ ಆಷಾಢವಿದೆ. ನಮಗೆ ಈಗ ಸಿಗದ ಒಂದು ಪೂರ್ತಿ ತಿಂಗಳು ತಮ್ಮ ಕೈಯಲ್ಲಿದೆ. ಬೀಗರಿಗೆ ಇನ್ನೂ ಹೇಳಿಲ್ಲ, ಹೇಳಬೇಡಿ. ಒಮ್ಮೆ ಒಬ್ಬರೇ ಬಸ್ಸು ಹತ್ತಿ ಬಂದು ಈ ಬಯಲಿನಲ್ಲಿ ನಿಲ್ಲಿ, ಊಟ ಮಾಡದೆ ನಿಲ್ಲಿ. ದ್ರಾಕ್ಷಾಯಣಿ ಅಜ್ಜಿಯ ನೀರಿನ ಪ್ರಶ್ನೆಯನ್ನು ಮತ್ತೆ ಕೇಳಿ, ಉತ್ತರ ಬರುವ ತನಕ ಚನ್ನಬಸಣ್ಣನ ಕಾರು ಹತ್ತಬೇಡಿ. ಇಷ್ಟಾದ ಮೇಲೂ ಟೋಕನ್ ಕೊಡುವುದೇ ಆದರೆ, ಆ ಚೀಟಿಯ ದೀಪಾವಳಿಯ ಮೇಲೆ ಪೆನ್ನಿನಿಂದ ತಿದ್ದಿ. ತಿದ್ದಿ ಜೇಬಿನಲ್ಲಿ ಇಟ್ಟುಕೊಳ್ಳಬೇಡಿ, ದ್ರಾಕ್ಷಾಯಣಿ ಅಜ್ಜಿಯ ಕೈಗೆ ಕೊಡಿ. ತಮಗೆ ಆ ಹನ್ನೆರಡನೇ ಮಹಡಿ ಈಗಾಗಲೇ ಕಣ್ಣಲ್ಲಿ ಕೂತಿದೆ. ಹಬ್ಬ ಬಂದಾಗ ಅದನ್ನು ಅಳಿಸುವ ಕೈಯೂ ತಮ್ಮದೇ ಆಗಿರುತ್ತದೆ. ಅಜ್ಜಿಗೆ ಅದು ಕಣ್ಣಲ್ಲಿ ಕೂತಿಲ್ಲ. ಆ ದಿನ ನೋಡಿ ಅವರು ಎದ್ದು ಬನ್ನಿ ಅಂದರೆ ಎದ್ದು ಬನ್ನಿ. ತಾವು ಎದ್ದರೆ ನಾನು ಹುಟ್ಟದೇ ಹೋಗಬಹುದು, ಯಾಕೆಂದರೆ ನನ್ನ ಅಜ್ಜ ಬರೀ ಅಡುಗೆಮನೆ ನೋಡಲು ಬಂದವನು. ಅದಕ್ಕೆ ನನ್ನ ಅಭ್ಯಂತರವಿಲ್ಲ. ಎಲ್ಲೋ ಬೇರೆ ಯಾರಿಗೋ ಮೊಮ್ಮಗಳಾಗಿ ಹುಟ್ಟಿ ಕಾಲು ಚಾಚಿ ಮಲಗುತ್ತೇನೆ.

ಇಲ್ಲಿಗೆ ಮುಗಿಸಿ ಮೊಹರು ಹಾಕಬೇಕಿತ್ತು. ಆದರೆ ಹಿಂಟಪಾಲಿನಲ್ಲಿ ಸುಳ್ಳು ಹೋದರೆ ತೂಕ ಹೆಚ್ಚು ಬರುತ್ತದಂತೆ, ಟಪಾಲಿನವರು ತಕ್ಕಡಿಯಲ್ಲಿ ಹಿಡಿದುಬಿಡುತ್ತಾರೆ. ಹಾಗಾಗಿ ಸಣ್ಣದೊಂದು ತಪ್ಪೊಪ್ಪಿಗೆ. ಮೇಲೆ ನಾಳೆ ಎಂದು ಬರೆದಿದ್ದೇನಲ್ಲ, ಆ ನಾಳೆ ನಿನ್ನೆಯೇ ಆಗಿ ಹೋಯಿತು. ನಿನ್ನೆ ಬೆಳಿಗ್ಗೆ ಗಂಟು ಕಟ್ಟಿ, ಅಜ್ಜಿಗೆ ಹೊಸ ಸೀರೆ ಉಡಿಸಿ ಹೊರಟು ನಿಂತಿದ್ದೆ. ಆಗ ಕಮಾನಿನ ಕಡೆಯಿಂದ ಬಸಲಿಂಗಣ್ಣ ಬೆನ್ನ ಮೇಲೆ ಏನನ್ನೋ ಹೊತ್ತು ಬಂದ. ತನ್ನ ಕ್ಯಾಬಿನ್ನಿನ ಬಾಗಿಲನ್ನೇ ಕಿತ್ತು ತಂದಿದ್ದ. ಅದನ್ನು ಅಜ್ಜಿಯ ಕೋಣೆಯ ಚೌಕಟ್ಟಿಗೆ ಕೂಡಿಸಿ, ನಾಲ್ಕು ಮೊಳೆ ಹೊಡೆದು, ಚಿಲಕ ಎಳೆದು ತೋರಿಸಿದ. ಅಜ್ಜಿ ಒಳಗೆ ಹೋಗಿ ಹಾಕಿಕೊಂಡಳು. ಈಗಲೂ ಒಳಗೇ ಇದ್ದಾಳೆ. ನಡುನಡುವೆ ಚಿಲಕ ತೆಗೆದು ಹಾಕುವ ಸದ್ದು ಕೇಳುತ್ತದೆ, ಸುಮ್ಮನೆ, ಆಟಕ್ಕೆ.

ಸಹಿ ಹಾಕಿದೆ, ಅಜ್ಜಾ. ಅಣ್ಣಿಗೇರಿಯ ಕೀಲಿಕೈ ವಾಪಸ್ ಹೋಯಿತು. ಚೀಟಿಯಲ್ಲಿ ಮತ್ತೆ ದೀಪಾವಳಿ ಎಂದೇ ಬರೆದಿದ್ದೇನೆ, ಈ ಸಲ ಖಂಡಿತ ಎಂದು ಎಲ್ಲರೆದುರು ಆಣೆಯನ್ನೂ ಮಾಡಿದ್ದೇನೆ. ಕಾಗದ ಬಹಳ ತೆಳ್ಳಗಿತ್ತು, ಪೆನ್ನು ಒತ್ತಿದರೆ ಹರಿದೀತೆಂದು ಪೆನ್ಸಿಲಿನಲ್ಲಿ ಬರೆದೆ.